ಸತ್ತವನ ಕಾರ್ಡು, ಸಾಬಣ್ಣನ ಬೋಣಿ

ಕಪಾಟಿನ ಮೇಲೆ ನಾನಿಟ್ಟ ಕ್ರೆಡಿಟ್ ಕಾರ್ಡನ್ನು ಸಾಬಣ್ಣ ಮುಟ್ಟಲೇ ಇಲ್ಲ. ಕಾದ ಹಂಚಿಗೆ ಕೈ ತಗುಲಿದವನಂತೆ ಬೆರಳು ಹಿಂದಕ್ಕೆ ಎಳೆದುಕೊಂಡ.

“ಸ್ವಲ್ಪ ತಡೀರಿ ಸಾಹೇಬ್ರ. ಇಸ್ತ್ರಿಪೆಟಿಗಿ ಎಲ್ಲೂ ಓಡಿ ಹೋಗೂದಿಲ್ಲ. ಚಾ ತರಸ್ತೀನಿ, ಕುಡೀರಿ.”

“ಚಾ ಬ್ಯಾಡ. ಇಸ್ತ್ರಿಪೆಟಿಗಿ ಕೊಡು, ಕಾರ್ಡ್ ತಿಕ್ಕು. ನನಗ ಕೋರ್ಟಿಗೆ ಹೋಗೂದೈತಿ.”

“ಅಲ್ರೀ, ಈಗಷ್ಟ ಬಾಗಿಲಾ ತಗದೇನಿ. ಇನ್ನೂ ಬೋಣಿ ಆಗಿಲ್ಲ. ಕಾರ್ಡ್ ಅಂದ್ರ ಉದ್ರಿ ಇದ್ದಂಗ ಅಲ್ರೀ? ಬ್ಯಾಂಕಿನವ್ರು ಯಾವಾಗ ರೊಕ್ಕಾ ಕೊಡ್ತಾರೋ ಏನೋ. ಮದ್ಲನೇ ಗಿರಾಕಿ ಕಡಿಂದ ನಗದು ಕೈಗೆ ಬೀಳಬೇಕ್ರಿ. ಇಲ್ಲಂದ್ರ ದಿನಾನ ಹಾಳ.”

ನಾನು ತಲೆಯಾಡಿಸಿ, ಕಾರ್ಡನ್ನು ಗಾಜಿನ ಕಪಾಟಿನ ಮೇಲೆಯೇ ಬಿಟ್ಟು, ಸ್ಟೂಲು ಎಳೆದುಕೊಂಡು ಕುಳಿತೆ. ಬಾಯಿ ಬಿಡಲಿಲ್ಲ. ಬಿಟ್ಟಿದ್ದರೆ ಖುಷಿಗೆ ಕೂಗಿಯೇ ಬಿಡುತ್ತಿದ್ದೆ. ಈ ಒಂದು ಮಾತನ್ನು ಕೇಳಲೆಂದೇ ಬನಹಟ್ಟಿಯಿಂದ ಮೊದಲ ಬಸ್ಸು ಹಿಡಿದು ಜಮಖಂಡಿಗೆ ಬಂದು, ಈ ಮಹಾರಾಯ ಬೀಗ ತೆಗೆಯುವುದನ್ನೇ ಕಾಯುತ್ತ ಎದುರಿನ ಕಟ್ಟೆಯ ಮೇಲೆ ಕೂತಿದ್ದೆ.

ಅಂಗಡಿಯ ಮೆಟ್ಟಿಲ ಮೇಲೆ ಕರೆವ್ವ ಕೂತಿದ್ದಳು. ಬರಬೇಡ ಎಂದರೂ ನನ್ನ ಹಿಂದೆಯೇ ಬಸ್ಸು ಹತ್ತಿದ್ದಳು. ಸೆರಗನ್ನು ತಲೆ ತುಂಬ ಹೊದ್ದು, ರಸ್ತೆಯ ಕಡೆ ಮುಖ ಮಾಡಿ, ಒಳಗಿನ ಮಾತಿಗೂ ತನಗೂ ಸಂಬಂಧವಿಲ್ಲವೆನ್ನುವಂತೆ ಕೂತಿದ್ದಳು. ಅವಳ ಮಗ ಹಣಮಂತನನ್ನು ಇವತ್ತು ಮಧ್ಯಾಹ್ನ ಕೋರ್ಟಿಗೆ ತರುತ್ತಾರೆ. ಅಲ್ಲಿಂದ ವಿಜಾಪುರದ ಜೈಲು. ಆಮೇಲೆ ಏನು ಎಂಬುದನ್ನು ಆಕೆಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಹಣಮಂತ ಬನಹಟ್ಟಿಯ ನೂಲಿನ ವ್ಯಾಪಾರಿ ಗಿರಮಲ್ಲಪ್ಪನ ಜೀಪಿನ ಡ್ರೈವರ್. ಗಿರಮಲ್ಲಪ್ಪನ ಹೆಣ ಸೋಮವಾರ ಸಂಜೆ ರಬಕವಿಯ ದಂಡೆಯಲ್ಲಿ, ಪಂಪಿನ ಪೈಪಿಗೆ ಸಿಕ್ಕಿಕೊಂಡು ತೇಲುತ್ತಿತ್ತು. ತಲೆಯ ಹಿಂಭಾಗ ಒಡೆದಿತ್ತು. ಕೃಷ್ಣೆ ತುಂಬಿ ಹರಿಯುವ ದಿನಗಳು. ಆ ನೀರಿನಲ್ಲಿ ನೆಂದ ಹೆಣ ನೋಡಿ ಡಾಕ್ಟರು ಕೈ ಚೆಲ್ಲಿದರು. ರವಿವಾರ ರಾತ್ರಿಯೂ ಆಗಿರಬಹುದು, ಸೋಮವಾರ ಮಧ್ಯಾಹ್ನದೊಳಗೆ ಯಾವಾಗಲಾದರೂ ಆಗಿರಬಹುದು ಎಂದು ಬರೆದುಕೊಟ್ಟರು.

ಆ ಒಂದು ರಾತ್ರಿ, ಒಂದು ಬೆಳಗಿನ ನಡುವೆಯೇ ಹಣಮಂತನ ಜೀವ ಸಿಕ್ಕಿಕೊಂಡಿತ್ತು.

ರವಿವಾರ ರಾತ್ರಿಯಿಡೀ ಅವನು ಮುಧೋಳದ ದವಾಖಾನೆಯಲ್ಲಿದ್ದ. ಹೆಂಡತಿ ಮಾದೇವಿಯ ಹೆರಿಗೆ. ವಾರ್ಡಿನ ಎಲ್ಲರೂ ನೋಡಿದ್ದಾರೆ. ಅವನು ಚಡಪಡಿಸುತ್ತ ಓಡಾಡಿ ಎಲ್ಲರ ನಿದ್ದೆ ಕೆಡಿಸಿದನೆಂದು ಬೈದವರೂ ಇದ್ದಾರೆ. ಆದರೆ ಸೋಮವಾರ ಬೆಳಿಗ್ಗೆ ಅಲ್ಲಿಂದ ಹೊರಟವನು ಮಧ್ಯಾಹ್ನ ಕಳೆಯುವವರೆಗೆ ಎಲ್ಲಿದ್ದ ಎಂದರೆ ಉತ್ತರವಿಲ್ಲ. ಠಾಣೆಯಲ್ಲಿ ನಾನೇ ಎರಡು ಸಲ ಕೇಳಿದೆ. ಗೋಡೆಯ ಕಡೆ ತಿರುಗಿ ಮಲಗಿದ. ಇಂಥ ಮೊಂಡನನ್ನು ಉಳಿಸುವುದಕ್ಕಿಂತ ಎಮ್ಮೆಗೆ ಈಜು ಕಲಿಸುವುದು ಸುಲಭ ಎನ್ನಿಸಿತ್ತು.

ಅನುಮಾನವಿದ್ದ ಇನ್ನೊಬ್ಬ, ಸತ್ತವನ ತಮ್ಮ ಪರಸಪ್ಪ. ಅಣ್ಣ ಹೋದರೆ ನೂಲಿನ ಗೋದಾಮು, ವ್ಯಾಪಾರ ಎಲ್ಲ ಅವನದೇ. ರವಿವಾರ ರಾತ್ರಿ ಎಲ್ಲಿದ್ದೆಯಪ್ಪಾ ಎಂದರೆ ಮನೆಯಲ್ಲಿ ಮಲಗಿದ್ದೆ ಎನ್ನುತ್ತಾನೆ, ಸಾಕ್ಷಿ ಹೆಂಡತಿ ಒಬ್ಬಳೇ. ಸೋಮವಾರ ನಸುಕಿಗೇ ಬೀಳಗಿಗೆ ಹೋಗಿ ಬೀಗರ ಮನೆಯ ಗೃಹಪ್ರವೇಶದಲ್ಲಿ ಊರಿಗೆಲ್ಲ ಹೋಳಿಗೆ ಬಡಿಸುತ್ತಿದ್ದ. ಕೊಲೆ ಹಗಲಲ್ಲಿ ಆಗಿದ್ದರೆ ಪರಸಪ್ಪ ಪಾರು, ಹಣಮಂತ ಗಲ್ಲಿಗೆ. ರಾತ್ರಿ ಆಗಿದ್ದರೆ ಎಲ್ಲ ತಿರುಗುಮುರುಗು.

ಹಗಲಲ್ಲೇ ಆಯಿತು ಎನ್ನಲು ಠಾಣೆಯ ಫೌಜದಾರರ ಕೈಯಲ್ಲಿದ್ದುದು ಒಂದೇ ಒಂದು ಆಧಾರ: ಸಾಬಣ್ಣನ ಬಾಯಿ. ಸೋಮವಾರ ಅಂಗಡಿ ತೆಗೆದ ಕೂಡಲೇ ಗಿರಮಲ್ಲಪ್ಪ ಖುದ್ದಾಗಿ ಬಂದು, ಕಾರ್ಡ್ ಕೊಟ್ಟು ಮಿಕ್ಸರ್ ಒಯ್ದ ಎಂದು ಅವನು ಹೇಳಿಕೆ ಕೊಟ್ಟಿದ್ದ. ಬ್ಯಾಂಕಿನವರು ಕೊಟ್ಟ ಕಾರ್ಡ್ ತಿಕ್ಕುವ ಮಷೀನಿನ ಕಾರ್ಬನ್ ಚೀಟಿಯಲ್ಲಿ ಅವತ್ತಿನ ತಾರೀಖು ಇದೆ, ಸಹಿ ಇದೆ. ವೇಳೆ ಮಾತ್ರ ಇಲ್ಲ. ವೇಳೆಯನ್ನು ಹೇಳಿದವನು ಸಾಬಣ್ಣ.

ನಾನು ಸಿದರಾಯ, ಒಂದು ಕಾಲಕ್ಕೆ ಪೊಲೀಸ್ ಖಾತೆಯವನು. ಸಾಹೇಬರ ಜೊತೆ ಜಗಳ ಮಾಡಿಕೊಂಡು ಹೊರಬಿದ್ದ ಮೇಲೆ, ಕಾರ್ಡ್ ಕೊಟ್ಟ ಬ್ಯಾಂಕಿನವರಿಗೆ ಖೊಟ್ಟಿ ಚೀಟಿ, ಸುಳ್ಳು ಸಹಿ ಹುಡುಕಿಕೊಡುವುದು ನನ್ನ ಉದ್ಯೋಗ. ಗಿರಮಲ್ಲಪ್ಪನ ಮೇಲೆ ಬ್ಯಾಂಕಿಗೆ ಮೊದಲಿನಿಂದಲೂ ಅನುಮಾನ. ಬದುಕಿದ್ದಾಗ ಆ ಮನುಷ್ಯ ಆ ಪ್ಲಾಸ್ಟಿಕ್ ತುಂಡಿನಿಂದ ಹಿಂಡಿದಷ್ಟು ಹಾಲನ್ನು ಯಾವ ಗೌಳಿಯೂ ಎಮ್ಮೆಯಿಂದ ಹಿಂಡಿರಲಾರ.

ಕಾರ್ಡಿನ ಮೇಲೆ ಖರೀದಿ ಮಾಡಿದಷ್ಟೂ ಪಾಯಿಂಟು. ಪಾಯಿಂಟು ಕೂಡಿದರೆ ಬ್ಯಾಂಕಿನಿಂದ ಇನಾಮು: ಕುಕ್ಕರ್, ಸೂಟ್‌ಕೇಸ್, ಗಡಿಯಾರ. ಉಳಿದವರು ತಮ್ಮ ಖರೀದಿಯನ್ನು ಮಾತ್ರ ಮಾಡುತ್ತಿದ್ದರು. ಇವನು ಊರಿನ ಖರೀದಿಯನ್ನೆಲ್ಲ ಮಾಡಿದ. ಯಾರ ಮನೆಯ ಮದುವೆ ಇರಲಿ, ಭಾಂಡೆ ಸಾಮಾನಿಗೆ ಇವನು ಮುಂದೆ. ಹುನ್ನೂರಿನ ರೈತರ ಟ್ರ್ಯಾಕ್ಟರಿಗೆ ಡೀಸೆಲ್ ಹಾಕಿಸುವಾಗ ಇವನ ಕಾರ್ಡು. ಅವರಿಂದ ನಗದು ಅಲ್ಲೇ ಕಿಸೆಗೆ; ಬ್ಯಾಂಕಿಗೆ ಕಟ್ಟುವುದು ಗಡುವಿನ ಕೊನೆಯ ದಿನ. ನಡುವೆ ಬಡ್ಡಿಯಿಲ್ಲದೆ ಆ ಹಣ ನೂಲಾಗಿ, ಸೀರೆಯಾಗಿ ಒಂದು ಸುತ್ತು ಹಾಕಿ ಬರುತ್ತಿತ್ತು. ಪಾಯಿಂಟು ಪುಗಸಟ್ಟೆ. ಇಷ್ಟರವರೆಗೆ ಕಳ್ಳತನವಲ್ಲ, ಶಾಣ್ಯಾತನ. ನನಗೂ ಒಳಗೊಳಗೆ ಹೊಟ್ಟೆಕಿಚ್ಚು.

ಆದರೆ ಬಾಯಿ ರುಚಿ ಹತ್ತಿದ ಮೇಲೆ ಕೇಳಬೇಕೇ? ಈ ಸಾಬಣ್ಣನ ಅಂಗಡಿಯಿಂದ ಅವನು ತಿಂಗಳು ತಿಂಗಳೂ ಫ್ಯಾನು, ಮಿಕ್ಸರು ಒಯ್ದದ್ದಾಗಿ ಚೀಟಿಗಳಿದ್ದವು. ನಾನು ಅವನ ಮನೆ ನೋಡಿ ಬಂದಿದ್ದೆ. ಅಷ್ಟು ಫ್ಯಾನು ತಿರುಗಿದ್ದರೆ ಆ ಮನೆ ಹಾರಿಹೋಗಬೇಕಿತ್ತು. ಇದ್ದದ್ದು ಎರಡು, ಅದರಲ್ಲೊಂದು ಕೆಟ್ಟದ್ದು.

ಅಷ್ಟರಲ್ಲಿ ಪಟಗ ಸುತ್ತಿದ ರೈತನೊಬ್ಬ ಕರೆವ್ವನನ್ನು ದಾಟಿ ಒಳಗೆ ಬಂದು ಒಂದು ಬಲ್ಬು ಕೇಳಿದ. ಸಾಬಣ್ಣನ ಮುಖ ಅರಳಿತು. ಬಲ್ಬನ್ನು ಹೋಲ್ಡರಿಗೆ ಹಾಕಿ ಉರಿಸಿ ತೋರಿಸಿ, ನೋಟು ಇಸಿದುಕೊಂಡು ಎರಡೂ ಕಣ್ಣಿಗೆ ಒತ್ತಿಕೊಂಡ. ಗಲ್ಲಾಪೆಟ್ಟಿಗೆಗೆ ಮುಟ್ಟಿಸಿ, ಮೇಲಿನ ದೇವರ ಪಟಕ್ಕೆ ತೋರಿಸಿ, ಆಮೇಲೆ ಒಳಗೆ ಹಾಕಿದ.

“ಆತ್ರಿ ಸಾಹೇಬ್ರ, ಬೋಣಿ ಆತು!” ಎಂದು ಕೈ ಉಜ್ಜಿಕೊಂಡ. “ಕೊಡ್ರಿ ಈಗ ಕಾರ್ಡ್. ಇಸ್ತ್ರಿಪೆಟಿಗಿ ಯಾವ್ದು ಬೇಕು?”

“ಸಾಬಣ್ಣಾ, ನಿನ್ನ ಅಂಗಡಿ ಎಷ್ಟು ವರ್ಷದ್ದು?”

“ನಮ್ಮಪ್ಪನ ಕಾಲದ್ದರಿ.”

“ಇಷ್ಟು ವರ್ಷದಾಗ ಒಂದು ದಿನಾನಾದ್ರೂ ಉದ್ರಿ ಮ್ಯಾಲ ಬೋಣಿ ಮಾಡೀದ್ಯೇನು?”

“ಛೇ ಛೇ! ನಮ್ಮಪ್ಪ ಎದ್ದು ಬಂದು ಕಪಾಳಕ್ಕ ಹೊಡೀತಾನ. ಸ್ವಂತ ಅಳಿಯ ಬಂದಿದ್ದ, ಅವನ್ನೂ ಹೊರಗ ಕುಂಡ್ರಿಸೇನಿ.”

“ಹಂಗಾದ್ರ ಸೋಮವಾರ ಗಿರಮಲ್ಲಪ್ಪಗ ಕಾರ್ಡ್ ಮ್ಯಾಲ ಹೆಂಗ ಕೊಟ್ಟಿ?”

ಸಾಬಣ್ಣನ ಕೈ ಉಜ್ಜುವುದು ನಿಂತಿತು.

“ಯಾವ ಸೋಮವಾರ್ರಿ?”

“ಅವ ಸತ್ತ ಸೋಮವಾರ. ಅಂಗಡಿ ತಗದ ಕೂಡ್ಲೆ ಬಂದ, ಮದ್ಲನೇ ಗಿರಾಕಿ ಅವನ, ಒಳಗ ಮತ್ಯಾರೂ ಇರಲಿಲ್ಲ ಅಂತ ಫೌಜದಾರರ ಮುಂದ ಬಾಯಿ ತುಂಬ ಹೇಳೀದಿ. ನಾನೂ ಓದೇನಿ.”

“ಅಂದ್ರ... ಅವರು ದೊಡ್ಡ ಗಿರಾಕಿರಿ. ಹಳೇ ಸಂಬಂಧ.”

“ಅಳಿಯನ ಸಂಬಂಧಕ್ಕಿಂತ ಹಳೇದೇನು?”

ಸಾಬಣ್ಣ ಕಪಾಟಿನ ಗಾಜು ಒರೆಸತೊಡಗಿದ. ನಾನು ಬಿಡಲಿಲ್ಲ. ಇಂಥ ಹೊತ್ತಿನಲ್ಲಿ ಬಿಟ್ಟರೆ ಮನುಷ್ಯ ಇನ್ನೊಂದು ಸುಳ್ಳು ಹೊಲಿದುಕೊಂಡು ಬರುತ್ತಾನೆ.

“ನೆನಪಾತ್ರಿ,” ಎಂದ ಅವನು, ಧ್ವನಿ ಎತ್ತರಿಸಿ. “ಅವರಿಗಿಂತ ಮದ್ಲ ಒಬ್ಬ ಬಂದಿದ್ದ. ಬ್ಯಾಟ್ರಿ ಸೆಲ್ ಒಯ್ದ. ನಗದು ಕೊಟ್ಟ. ಅದ ಬೋಣಿ.”

“ಭಾಳ ಛಲೋ ಆತು. ಅವನ ಹೆಸರ ಹೇಳು. ಗಿರಮಲ್ಲಪ್ಪ ಜೀವಂತ ಬಂದದ್ದನ್ನ ನೋಡಿದ ಇನ್ನೊಬ್ಬ ಸಾಕ್ಷಿ ಸಿಕ್ಕಂಗಾತು. ಫೌಜದಾರ್ರು ನಿನ್ನ ಹೆಗಲ ಮ್ಯಾಲ ಹೊತ್ತು ಕುಣೀತಾರ.”

ಹೆಸರು ಬರಲಿಲ್ಲ. ಎಲ್ಲಿಂದ ಬರಬೇಕು? ಸುಳ್ಳು ಹೇಳುವಾಗ ಇವನು ಅಂಗಡಿ ತೆಗೆದ ಹೊತ್ತನ್ನೇ ಆರಿಸಿಕೊಂಡಿದ್ದ, ಆಗ ಒಳಗೆ ಯಾರೂ ಇರುವುದಿಲ್ಲ, ಇಲ್ಲವೆನ್ನುವವರೂ ಇರುವುದಿಲ್ಲ ಎಂದು. ಸಾಕ್ಷಿಯಿಲ್ಲದ ವೇಳೆ ಹುಡುಕುವ ಭರದಲ್ಲಿ ಬೋಣಿಯನ್ನೇ ಮರೆತ. ಫೌಜದಾರರು ತಿಂಗಳ ಪಗಾರದ ಮನುಷ್ಯ, ಅಂಗಡಿ ನಡೆಸಿದವರಲ್ಲ; ಅವರಿಗೆ ಇದು ಹೊಳೆಯಲಿಲ್ಲ. ನನಗೂ ನಿನ್ನೆ ಸಂತೆಯಲ್ಲಿ ಬದನೆಕಾಯಿ ಮಾರುವವಳು ಬೋಣಿಯಾಗಿಲ್ಲ, ಉದ್ರಿ ಇಲ್ಲವೆಂದು ನನ್ನನ್ನು ದಬ್ಬಿದಾಗಲೇ ತಲೆಯಲ್ಲಿ ಬೆಳಕು ಬಿದ್ದದ್ದು. ಒಂದು ವಾರ ಕತ್ತೆಯ ಹಾಗೆ ಊರೂರು ಅಲೆದಿದ್ದೆ.

“ಇಲ್ಲಿ ಕೇಳು,” ಎಂದೆ. ಎದ್ದು ನಿಂತು ಕಪಾಟಿನ ಮೇಲೆ ಎರಡೂ ಕೈ ಊರಿದೆ. “ಮಿಕ್ಸರ್ ಹೋಗಿಲ್ಲ, ಗಿರಮಲ್ಲಪ್ಪ ಬಂದಿಲ್ಲ. ಬರೇ ಚೀಟಿ ಹರದೀರಿ. ಅವಗ ನಗದು, ಪಾಯಿಂಟು, ನಿನಗ ನಡುವಿನ ಕಮಿಷನ್. ಇದು ಇವತ್ತಿಂದಲ್ಲ. ಬ್ಯಾಂಕಿನವ್ರಿಗೆ ನಾ ಒಂದು ಮಾತು ಹೇಳಿದ್ರ ಮಷೀನ್ ಅಷ್ಟ ಅಲ್ಲ, ಅಂಗಡಿ ಮಾನ ಹೋಗ್ತೈತಿ.”

“ಸಾಹೇಬ್ರ, ಮಕ್ಕಳೊಂದಿಗ ಅದೀನ್ರಿ!”

“ಠಾಣ್ಯಾಗ ಕೂತಾವನೂ ಮಕ್ಕಳೊಂದಿಗ ಅದಾನ. ಹುಟ್ಟಿದ ಕೂಸಿನ ಮುಖಾ ಸರಿಯಾಗಿ ನೋಡಿಲ್ಲ ಅವ. ನಿನ್ನ ಮಷೀನ್ ಉಳಸಾಕ ಅವನ ಕುತಿಗಿ ಕೊಡ್ತಿಯೇನ್ ಲೇ?”

ನನ್ನ ಧ್ವನಿ ಬೀದಿಗೆ ಕೇಳಿಸಿರಬೇಕು. ಪಕ್ಕದ ಸೈಕಲ್ ಅಂಗಡಿಯವನು ಇಣುಕಿ ನೋಡಿ ಹೋದ. ಕರೆವ್ವ ಮಾತ್ರ ತಿರುಗಲಿಲ್ಲ.

ಸಾಬಣ್ಣ ಕುರ್ಚಿಯಲ್ಲಿ ಕುಸಿದ. ಅವನು ಕೆಟ್ಟವನಲ್ಲ, ಅಂಜುಬುರುಕ. ಕೆಟ್ಟವರಿಗಿಂತ ಅಂಜುಬುರುಕರೇ ಹೆಚ್ಚು ಜನರನ್ನು ಜೈಲಿಗೆ ಕಳಿಸುವುದನ್ನು ನಾನು ನೋಡಿದ್ದೇನೆ. ನನಗೆ ಸಿಟ್ಟು ನೆತ್ತಿಗೇರಿತ್ತು.

“ಸತ್ತ ಸುದ್ದಿ ಮಂಗಳವಾರ ಬಂತ್ರಿ,” ಎಂದ, ಕಣ್ಣು ಕೆಳಗೆ ಹಾಕಿ. “ಎದಿ ಧಸಕ್ ಅಂತು. ಹಿಂದಿನ ದಿನಾನ ಅವರ ಚೀಟಿ ಹರದೀನಿ. ಮಾಲಕರಿಲ್ಲದ ಕಾರ್ಡ್ ತಿಕ್ಕಬಾರ್ದು ಅಂತ ಬ್ಯಾಂಕಿನವ್ರು ಹತ್ತು ಸಲ ಹೇಳ್ಯಾರ. ಫೌಜದಾರ್ರು ಬಂದು ಕೇಳಿದಾಗ, ಅವರ ಬಂದಿದ್ರು ಅಂತ ಬಾಯಾಗ ಬಂದ್ಬಿಡ್ತು. ಒಂದು ಸಲ ಹೇಳಿದ ಮ್ಯಾಲ ಹಿಂದ ಹೆಂಗ ತಗೋಳ್ಳಿ?”

“ಖರೇನ ಯಾವಾಗ ತಿಕ್ಕಿದಿ?”

“ಮಧ್ಯಾಹ್ನ ಊಟದ ಹೊತ್ತಿಗೆ.”

“ಸತ್ತ ಮನಷ್ಯಾನ ಕಾರ್ಡು ತಾನ ನಡಕೊಂತ ಬಂತೇನು? ತಂದಾವ ಯಾರು?”

ನನ್ನ ಬಾಯಲ್ಲಿ ಪರಸಪ್ಪನ ಹೆಸರು ಆಗಲೇ ಬಂದು ಕೂತಿತ್ತು. ಬೀಳಗಿಯ ಹೋಳಿಗೆಯ ನಡುವೆ ಅವನು ತನ್ನ ಆಳನ್ನು ಅಟ್ಟಿರಬೇಕು. ಅಣ್ಣ ಹಗಲಲ್ಲಿ ಬದುಕಿದ್ದ ಎಂದು ತೋರಿಸಿದರೆ ಲಾಭ ಯಾರಿಗೆ? ಅವನಿಗೇ. ಕೋರ್ಟಿಗೆ ಹೋಗಿ ವಕೀಲರ ಕಿವಿಯಲ್ಲಿ ಈ ಹೆಸರು ಹಾಕುವುದೊಂದೇ ಬಾಕಿ.

ಸಾಬಣ್ಣ ತಲೆ ಎತ್ತಲಿಲ್ಲ.

“ಯಾವತ್ತೂ ತರಾವನ ತಂದಾನ್ರಿ. ಹಣಮಂತ.”

“ಯಾವ ಹಣಮಂತ?”

“ಡ್ರೈವರ್ರಿ. ಮಾಲಕರು ಪ್ರತಿ ಸಲ ಅವನ ಕೈಯಾಗ ಕಾರ್ಡ್ ಕಳಿಸೂದು. ಸಹಿನೂ ಅವನ ಮಾಡ್ತಾನ, ಅವರ ಕಲಿಸ್ಯಾರ. ಸೋಮವಾರನೂ ಹಂಗ ಬಂದ. ಮುಖಾ ಬಾಡಿತ್ತು. ಕೇಳಿದ್ರ ಹೆಂಡತಿ ಹಡದಾಳ, ಗಂಡ ಹುಟ್ಟೈತಿ ಅಂದ. ಪೇಢೇ ಎಲ್ಲಿ ಅಂತ ಚಾಷ್ಟಿ ಮಾಡಿದ್ನಿ ನಾ.”

ನಾನು ಮತ್ತೆ ಸ್ಟೂಲಿನ ಮೇಲೆ ಕುಳಿತುಬಿಟ್ಟೆ.

ಏನು ಮಾಡಿದೆ ನಾನು? ಮಹಾ ಶಾಣ್ಯಾನಂತೆ ಬೋಣಿ ಹಿಡಿದುಕೊಂಡು ಬಂದು, ಉಳಿಸಬೇಕಾದವನ ಕುತ್ತಿಗೆಗೇ ಹಗ್ಗ ಬಿಗಿದಿದ್ದೆ. ಇಲ್ಲಿಯವರೆಗೆ ಹಣಮಂತನ ಮೇಲೆ ಇದ್ದದ್ದು ಬರೀ ಅನುಮಾನ. ಈಗ ಸತ್ತವನ ಕಾರ್ಡು ಅವನ ಕೈಯಲ್ಲಿತ್ತು ಎನ್ನಲು ಸಾಕ್ಷಿ ಸಿಕ್ಕಿತು. ಅವನು ಠಾಣೆಯಲ್ಲಿ ಗೋಡೆಯ ಕಡೆ ತಿರುಗಿದ್ದು ಸುಮ್ಮನೆ ಅಲ್ಲ. ಇದನ್ನು ಫೌಜದಾರರಿಗೆ ಹೇಳಿದರೆ ಮಧ್ಯಾಹ್ನದ ಕೋರ್ಟು ಬರೀ ಶಾಸ್ತ್ರ. ಹೇಳದೆ ಬಿಟ್ಟರೆ ಖೊಟ್ಟಿ ಚೀಟಿ ಖರೆಯಾಗಿಯೇ ಉಳಿಯುತ್ತದೆ, ಆಗಲೂ ಅವನಿಗೆ ಗಲ್ಲೇ.

ಹೊರಗೆ ನೋಡಲು ನನಗೆ ಮುಖವಿರಲಿಲ್ಲ. ಮಗನನ್ನು ಬಿಡಿಸಿಕೊಡು ಎಂದು ವಾರದಿಂದ ನನ್ನ ಬೆನ್ನು ಹತ್ತಿದ್ದ ಮುದುಕಿಗೆ ಏನು ಹೇಳಲಿ? ಎಲ್ಲ ಕೇಳಿಸಿಕೊಂಡಿದ್ದಾಳೆ. ಈಗ ಎದೆ ಬಡಿದುಕೊಂಡು ಅಳುತ್ತಾಳೆ ಎಂದುಕೊಂಡೆ.

ಕರೆವ್ವ ಅಳಲಿಲ್ಲ. ಚೌಕಟ್ಟು ಹಿಡಿದು ಎದ್ದು ನಿಂತು, ಒಳಗೆ ಬಂದಳು. ಸಾಬಣ್ಣನನ್ನು ನೋಡಲಿಲ್ಲ. ನನ್ನನ್ನೇ ನೋಡಿದಳು.

“ತಮ್ಮಾ, ಇಷ್ಟ ಹೊತ್ತಾತು ಈ ಮಾತು ಹೊರಗ ಬರಾಕ.”

“ಎವ್ವಾ, ನಿನ್ನ ಮಗ ನನಗ ಖರೆ ಹೇಳಿದ್ರ...”

“ಅವ ಹೇಳೂದಿಲ್ಲ. ಚರ್ಮ ಸುಲಿದ್ರೂ ಹೇಳೂದಿಲ್ಲ. ಯಾಕಂದ್ರ ಕಾರ್ಡ್ ಕೊಟ್ಟು ಕಳಿಸಿದಾಕಿ ನಾನ.”

ಸಾಬಣ್ಣನ ಕುರ್ಚಿ ಕಿರ್ ಎಂದಿತು.

“ಸೋಮವಾರ ಮದ್ಲನೇ ಬಸ್ಸಿಗೆ ಮುಧೋಳಕ್ಕ ಹೋದ್ನಿ. ಕೂಸಿನ ನೋಡಿದ್ನಿ. ಅವನ ಕೈಯಾಗ ಕಾರ್ಡ್ ಇಟ್ಟು, ಮಾಲಕರು ಹೇಳ್ಯಾರ, ಯಾವತ್ತಿನಂಗ ತಿಕ್ಕಿಸಿಕೊಂಡು ಬಾ ಅಂದ್ನಿ. ಹೋದ. ಪಾಪ, ಅವ್ವ ಹೇಳಿದ್ಲು ಅಂತ ಹೋದ. ಸಂಜಿಕ ಹೊಳಿ ದಂಡಿಗೆ ಹೆಣ ಸಿಕ್ಕಾಗ ನನ್ನ ಮುಖಾ ಒಮ್ಮೆ ನೋಡಿದ. ಒಂದ ಒಂದ್ ಸಲ. ಅವತ್ತಿಂದ ಬಾಯಿ ಕಟ್ಕೊಂಡಾನ.”

ಗಿರಮಲ್ಲಪ್ಪನ ಗೋದಾಮಿನಲ್ಲಿ ಮಗ್ಗದ ಕಂಡಿಕೆಗೆ ನೂಲು ಸುತ್ತುವ ಹೆಂಗಸರಲ್ಲಿ ಕರೆವ್ವನೂ ಒಬ್ಬಳು; ಅವಳ ಕಿರಿಯ ಮಗಳೂ ಜೊತೆಗೆ ಹೋಗುತ್ತಿದ್ದಳು. ಇದು ನನಗೆ ಗೊತ್ತಿತ್ತು. ಸೊಸೆಯ ಹೆರಿಗೆಯ ರಾತ್ರಿ ಆಕೆ ಮುಧೋಳದಲ್ಲಿರಲಿಲ್ಲ ಎಂಬುದೂ ಗೊತ್ತಿತ್ತು. ಎರಡನ್ನೂ ಒಂದು ಕಡೆ ಇಟ್ಟು ನೋಡಲಿಲ್ಲ. ಅಳುವ ತಾಯಿಯನ್ನು ಯಾರು ಅನುಮಾನಿಸುತ್ತಾರೆ? ನನ್ನಂಥ ಮೂರ್ಖನನ್ನು ಪೊಲೀಸ್ ಖಾತೆಯವರು ಬಿಟ್ಟದ್ದೇ ಸರಿ.

“ನಸುಕಿನ್ಯಾಗ ಕಾರ್ಡ್ ನಿನ್ನ ಕೈಯಾಗಿತ್ತು ಅಂದ್ರ,” ಎಂದೆ, “ಅಷ್ಟೊತ್ತಿಗೆ ಗಿರಮಲ್ಲಪ್ಪ...”

“ಸತ್ತಿದ್ದ.”

“ಗೊತ್ತಿದ್ದ ಕಳಿಸಿದ್ಯೇನು?”

“ಗೊತ್ತಿದ್ದ ಕಳಿಸಿದ್ನಿ. ಹಗಲ ಹೊತ್ತು ಆ ಮನಷ್ಯಾ ಜಮಖಂಡ್ಯಾಗ ಇದ್ದಾನ ಅಂತ ಆದ್ರ, ರಾತ್ರಿ ಗೋದಾಮಿನ್ಯಾಗ ಯಾರಿದ್ರು ಅಂತ ಯಾರೂ ಕೇಳೂದಿಲ್ಲ ಅಂದ್ಕೊಂಡ್ನಿ. ನನ್ನ ತಪ್ಪು ನನ್ನ ಮಗನ ಕೊಳ್ಳಿಗೆ ಬಿತ್ತು. ಬೀರಪ್ಪನಾಣಿ ತಮ್ಮಾ, ಅದೊಂದು ನನಗ ಹೊಳೀಲಿಲ್ಲ.”

ಆಕೆಯ ಧ್ವನಿ ಮೊದಲ ಸಲ ಒಡೆಯಿತು. ನನಗೆ ಸಿಟ್ಟು ಬಂತು. ವಾರವಿಡೀ ನನ್ನನ್ನು ಊರೂರು ಅಲೆಸುವ ಬದಲು ಒಂದು ಮಾತು ಹೇಳಿದ್ದರೆ?

“ಮದ್ಲ ಯಾಕ ಹೇಳಲಿಲ್ಲ?”

“ನಾ ಹೇಳಿದ್ರ ಯಾರು ನಂಬ್ತಾರ? ಮಗನ್ನ ಉಳಸಾಕ ಮುದುಕಿ ತನ್ನ ಮ್ಯಾಲ ಹಾಕ್ಕೊಳ್ಳಾಕತ್ಯಾಳ ಅಂತಾರ. ಚೀಟಿ ಸುಳ್ಳಂತ ಈ ಶೇಟು ಮದ್ಲ ಒಪ್ಪಬೇಕಿತ್ತು. ಈಗ ಒಪ್ಪ್ಯಾನ. ನಡಿ, ಕೋರ್ಟಿಗೆ ಹೋಗೂಣು. ರಾತ್ರಿ ಮುಗದ ಕೆಲಸ ಅಂತ ಹೇಳು. ರಾತ್ರಿ ನನ್ನ ಮಗ ದವಾಖಾನ್ಯಾಗಿದ್ದ, ಊರ ನೋಡೇತಿ.”

“ಕರೆವ್ವಾ, ನೀ ಕೊಂದಿಯೇನು?”

ಆಕೆ ನೆಟ್ಟಗೆ ನಿಂತಳು. “ಹೌದಂತ ಬರಕೋ.”

ಹೌದಂತ ಬರೆದುಕೊಳ್ಳಲು ನನಗೆ ಆಗಲಿಲ್ಲ. ಗಿರಮಲ್ಲಪ್ಪ ಎಂದರೆ ಎಮ್ಮೆಯಂಥ ಆಳು. ಪಂಪಿನ ಪೈಪಿನಿಂದ ಬಿಡಿಸುವಾಗ ನಾಲ್ಕು ಜನ ಪೊಲೀಸರು ಏದುಸಿರು ಬಿಟ್ಟಿದ್ದರು. ಗೋದಾಮು ಬನಹಟ್ಟಿಯ ಬಜಾರಿನಲ್ಲಿ, ಹೊಳೆ ಎಲ್ಲೋ. ಈ ಕಡ್ಡಿಯಂಥ ಮುದುಕಿ?

“ಗೋದಾಮಿನಿಂದ ಹೊಳಿತನಕ ಹೆಣ ಹೊತ್ತವ್ರು ಯಾರು?”

“ನಾನ, ನೂಲಿನ ಕೈಗಾಡಿ ಮ್ಯಾಲ.”

“ಒಬ್ಬಾಕಿನ?”

ಕರೆವ್ವ ನನ್ನ ಕೈ ಹಿಡಿದುಕೊಂಡಳು. ಕೋರ್ಟಿಗೆ ಹೆದರದವಳು ನನ್ನ ಈ ಒಂದು ಪ್ರಶ್ನೆಗೆ ಹೆದರಿದ್ದಳು.

“ತಮ್ಮಾ, ನಿನ್ನ ಕಾಲಿಗೆ ಬೀಳ್ತೇನಿ, ಅದನ್ನ ಮಾತ್ರ ಕೆದರಬ್ಯಾಡ. ನನ್ನ ಮಗಳಿಗೆ ಇನ್ನೂ ಮದುವಿ ಆಗೂದೈತಿ.”